ಹಳೇ ಆಲ್ಟೊಗೆ ಯಾವ ಆಯಿಲ್? ಮೊದಲು ಆಯಿಲ್ ಕಡ್ಡಿ ಎಳೆದು ನೋಡಿ

ಪ್ರಶ್ನೆ: ನನ್ನದು 2009ರ ಆಲ್ಟೊ, 796 ಸಿಸಿ ಪೆಟ್ರೋಲ್. 1,32,000 ಕಿ.ಮೀ. ಓಡಿದೆ. ಮಂಡ್ಯದಿಂದ ಮೈಸೂರಿಗೆ ದಿನಾ ಕೆಲಸಕ್ಕೆ ಹೋಗಿ ಬರುತ್ತೇನೆ, ಎರಡೂ ಕಡೆ ಸೇರಿ ತೊಂಬತ್ತು ಕಿ.ಮೀ. ಆಗುತ್ತದೆ. ಇತ್ತೀಚೆಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಒಂದು ಸಲ ಬುಸ್ಸೆಂದು ಬಂದು ನಿಂತುಹೋಗುತ್ತದೆ. ಎರಡು ಸಾವಿರ ಕಿ.ಮೀ.ಗೆ ಅರ್ಧ ಲೀಟರ್ ಆಯಿಲ್ ಸೇರಿಸಬೇಕಾಗಿದೆ. ನಮ್ಮ ಮೆಕ್ಯಾನಿಕ್ 20ಡಬ್ಲ್ಯೂ-50 ಹಾಕಿ ಅನ್ನುತ್ತಾನೆ. ಮಗ 5ಡಬ್ಲ್ಯೂ-30 ಫುಲ್ ಸಿಂಥೆಟಿಕ್ಕೇ ಆಗಬೇಕು ಅನ್ನುತ್ತಾನೆ. ಅಂಗಡಿಯವರು ಯಾವುದಾದರೂ ನಡೆಯುತ್ತೆ ಬಿಡಿ ಸಾರ್ ಅಂದರು. ಕಳೆದ ವರ್ಷ ಎಫ್‌ಸಿ ಮಾಡಿಸಿ ಆರ್‌ಸಿಯನ್ನು ಐದು ವರ್ಷಕ್ಕೆ ರಿನ್ಯೂ ಮಾಡಿಸಿದ್ದೇನೆ, ಅಷ್ಟು ದಿನವಾದರೂ ಕಾರು ಓಡಬೇಕು. ಯಾವ ಆಯಿಲ್ ಹಾಕಲಿ?

ಉತ್ತರ: ಮೂರು ಜನ ಮೂರು ಮಾತು ಹೇಳಿದ್ದಾರೆ. ಆಯಿಲ್ ಎಲ್ಲಿ ಹೋಗುತ್ತಿದೆ ಅಂತ ಮಾತ್ರ ಯಾರೂ ಕೇಳಿಲ್ಲ. ಆದರೆ ನೀವು ಗೊತ್ತಿಲ್ಲದೆಯೇ ಅರ್ಧ ಉತ್ತರ ಬರೆದುಬಿಟ್ಟಿದ್ದೀರಿ. ಹೊಗೆ "ಒಂದು ಸಲ ಬುಸ್ಸೆಂದು ಬಂದು ನಿಂತುಹೋಗುತ್ತದೆ" ಅಂದಿರಲ್ಲ, ಅದೇ.

ರಾತ್ರಿಯೆಲ್ಲ ನಿಂತ ಕಾರು ಬೆಳಿಗ್ಗೆ ಒಂದೇ ಒಂದು ಸಲ ನೀಲಿ ಹೊಗೆ ಬಿಟ್ಟರೆ ನಾವು ಗ್ಯಾರೇಜಿನವರು ಮೊದಲು ಅನುಮಾನ ಪಡುವುದು ವಾಲ್ವ್ ಸೀಲ್ ಮೇಲೆ. ಎಂಜಿನ್ನಿನ ತಲೆಯಲ್ಲಿರುವ ವಾಲ್ವ್ ಕಡ್ಡಿಗಳಿಗೆ ರಬ್ಬರಿನ ಪುಟ್ಟ ಟೋಪಿ ಇರುತ್ತದೆ. ಹದಿನೈದು ವರ್ಷ ಕಾವು ತಿಂದು ಆ ರಬ್ಬರ್ ಗಟ್ಟಿಯಾಗಿ ಕಡ್ಡಿಯ ಮೇಲಿನ ಹಿಡಿತ ಬಿಡುತ್ತದೆ. ಮೇಲೆ ನಿಂತ ಆಯಿಲ್ ರಾತ್ರಿ ಹನಿಹನಿಯಾಗಿ ಕೆಳಗಿಳಿದು ಸಿಲಿಂಡರ್ ಸೇರುತ್ತದೆ, ಬೆಳಿಗ್ಗೆ ನೀವು ಕೀಲಿ ತಿರುಗಿಸಿದಾಗ ಉರಿದುಹೋಗುತ್ತದೆ. ಪಿಸ್ಟನ್ನಿನ ಸುತ್ತ ಕೂತು ಆಯಿಲ್ ಮೇಲೇರದಂತೆ ತಡೆಯುವ ರಿಂಗ್ ಸವೆದಿದ್ದರೆ ಕಥೆಯೇ ಬೇರೆ. ಆಗ ಹೊಗೆ ಬೆಳಿಗ್ಗೆಗಷ್ಟೇ ನಿಲ್ಲುವುದಿಲ್ಲ. ಚಾಮುಂಡಿ ಬೆಟ್ಟ ಹತ್ತುವಾಗ, ಕಬ್ಬಿನ ಲಾರಿಯನ್ನು ಓವರ್‌ಟೇಕ್ ಮಾಡಲು ಆಕ್ಸಿಲರೇಟರ್ ಒತ್ತಿದಾಗ, ಹಿಂದಿನ ಗಾಡಿಯವನು ಲೈಟ್ ಹೊಡೆಯುವಷ್ಟು ಬರುತ್ತದೆ.

ಅನುಮಾನ ತೀರಬೇಕಾದರೆ ಒಂದು ಭಾನುವಾರ ಬೆಟ್ಟಕ್ಕೇ ಹೋಗಿ ಬನ್ನಿ. ಇಳಿಯುವಾಗ ಕಾರನ್ನು ಗೇರಿನಲ್ಲೇ ಬಿಟ್ಟು, ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯಿರಿ. ಇಳಿಜಾರು ಮುಗಿದ ಕಡೆ ಆಕ್ಸಿಲರೇಟರ್ ಒತ್ತಿ ಕನ್ನಡಿಯಲ್ಲಿ ಹಿಂದೆ ನೋಡಿ. ಅಲ್ಲಿ ನೀಲಿ ಹೊಗೆಯ ಒಂದು ಉಂಡೆ ಕಂಡರೆ ವಾಲ್ವ್ ಸೀಲ್ ಅಂತ ಬಹುಮಟ್ಟಿಗೆ ಖಚಿತ. ಹತ್ತುವಾಗಲೇ ಎಡೆಬಿಡದೆ ಬಂದರೆ ರಿಂಗ್. ರಿಂಗ್ ಅನ್ನಿಸಿದರೆ ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರಿನ ಒತ್ತಡ ಅಳೆಯುವ ಪರೀಕ್ಷೆ, ಮಾಡಿಸಿ. ಕಮ್ಮಿ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಇನ್ನೊಮ್ಮೆ ನೋಡಿದಾಗ ಅಂಕಿ ಮೇಲೆದ್ದರೆ ರಿಂಗ್ ಸವೆದಿದೆ ಅಂತ ಅರ್ಥ.

ಇದೆಲ್ಲಕ್ಕೂ ಮೊದಲು ಎರಡು ಪುಕ್ಕಟೆ ಪರೀಕ್ಷೆ ಇವೆ. ರಾತ್ರಿ ಕಾರಿನಡಿ ಹಳೇ ಪೇಪರ್ ಹಾಸಿ. ಬೆಳಿಗ್ಗೆ ಅದರ ಮೇಲೆ ಕಲೆ ಇದ್ದರೆ ನಿಮ್ಮ ಅರ್ಧ ಲೀಟರಿನಲ್ಲಿ ಒಂದು ಪಾಲು ಹೊರಗೆ ಸೋರುತ್ತಿದೆ. ಹಳೇ ಕಾರಿನಲ್ಲಿ ಎಂಜಿನ್ನಿನ ತಲೆಯ ಮುಚ್ಚಳದ ಅಂಚಿಗೆ ಕೂರುವ ಟ್ಯಾಪೆಟ್ ಕವರ್ ಪ್ಯಾಕಿಂಗ್ ಬಹಳ ಸಲ ತಪ್ಪಿತಸ್ಥ, ಅದರ ರಿಪೇರಿಯೇನೂ ದೊಡ್ಡದಲ್ಲ. ಎರಡನೆಯದು ಪಿಸಿವಿ ವಾಲ್ವ್. ಎಂಜಿನ್ನಿನೊಳಗಿನ ಆವಿಯನ್ನು ಹೊರಗೆಳೆಯುವ ಬೆರಳಿನಷ್ಟು ಸಣ್ಣ ಭಾಗ ಅದು. ಬಿಚ್ಚಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕಟಕಟ ಅನ್ನಬೇಕು. ಅನ್ನದಿದ್ದರೆ ಜಿಡ್ಡು ಕಟ್ಟಿದೆ. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಆಯಿಲ್ ಸಿಕ್ಕ ಸಿಕ್ಕ ಸಂದಿಯಿಂದ ಹೊರಗೆ ದಾರಿ ಹುಡುಕುತ್ತದೆ. ಈ ಸಣ್ಣ ವಾಲ್ವ್ ಬದಲಿಸಿದ್ದಷ್ಟಕ್ಕೇ "ಸಾರ್, ಆಯಿಲ್ ಕುಡಿಯೋದು ನಿಂತೇಹೋಯ್ತು" ಅಂತ ಫೋನ್ ಮಾಡಿದವರಿದ್ದಾರೆ.

ಈಗ ಡಬ್ಬದ ಮೇಲಿನ ಅಂಕಿಗೆ ಬರೋಣ. ಮಂಡ್ಯದವರಿಗೆ ಇದನ್ನು ಹೇಳುವುದು ಸುಲಭ, ಆಲೆಮನೆ ನೋಡಿದವರು ನೀವು. ಕೊಪ್ಪರಿಗೆಯಲ್ಲಿ ಕುದಿಯುವಾಗ ಸರಸರ ಓಡಾಡುವ ಪಾಕ, ಅಚ್ಚಿಗೆ ಹುಯ್ದು ಆರಿದ ಮೇಲೆ ಅಲುಗಾಡುವುದಿಲ್ಲ. ಆಯಿಲ್ ಬೆಲ್ಲದಷ್ಟು ಗಟ್ಟಿಯಾಗುವುದಿಲ್ಲ, ಆದರೆ ಗುಣ ಅದೇ. ಬಿಸಿಯಾದರೆ ತೆಳು, ತಣ್ಣಗಾದರೆ ಮಂದ. ಹಾಗಾಗಿ ಡಬ್ಬದ ಮೇಲೆ ಎರಡು ಅಂಕಿ ಬರೆಯುತ್ತಾರೆ. ಡಬ್ಲ್ಯೂ ಜೊತೆಗಿರುವುದು ಚಳಿಯ ಅಂಕಿ, ಆ ಅಕ್ಷರ ಬಂದಿರುವುದೇ ಚಳಿಗಾಲ ಅನ್ನುವ ಇಂಗ್ಲಿಷ್ ಪದದಿಂದ. ಅದರ ನಂತರ ಬರುವುದು ಕಾವೇರಿದಾಗಿನ ಅಂಕಿ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 30ರ ಆಯಿಲ್ 9.3ರಿಂದ 12.5 ಸೆಂಟಿಸ್ಟೋಕ್ ಒಳಗಿರಬೇಕು, 40ರದ್ದು 12.5ರಿಂದ 16.3, 50ರದ್ದು 16.3ರಿಂದ 21.9. ಸೆಂಟಿಸ್ಟೋಕ್ ಅಂದರೆ ಹರಿಯುವುದಕ್ಕೆ ಎಷ್ಟು ಹಟ ಮಾಡುತ್ತದೆ ಅನ್ನುವ ಅಳತೆ, ಅಷ್ಟು ತಿಳಿದರೆ ಸಾಕು.

ಚಳಿಯ ಅಂಕಿಯ ವಿಚಾರದಲ್ಲಿ ನಮ್ಮ ಕಡೆ ಸುಮ್ಮನೆ ಭಯ ಹುಟ್ಟಿಸುತ್ತಾರೆ. 20ಡಬ್ಲ್ಯೂ ಆಯಿಲನ್ನು ಪರೀಕ್ಷೆ ಮಾಡುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ. 5ಡಬ್ಲ್ಯೂದನ್ನು ಮೈನಸ್ 30ರಲ್ಲಿ. ಜನವರಿ ಬೆಳಿಗ್ಗೆ ಮೈಸೂರಿನಲ್ಲಿ ಹದಿನೈದು ಹದಿನಾರು ಡಿಗ್ರಿಗೆ ನಾವು ಸ್ವೆಟರ್ ಹುಡುಕುತ್ತೇವೆ, ಅದು ಬೇರೆ ಮಾತು. ಇಲ್ಲಿ ಯಾವ ಆಯಿಲೂ ಹೆಪ್ಪುಗಟ್ಟುವುದಿಲ್ಲ. ಈ ಊರುಗಳಲ್ಲಿ ಹಳೇ ಕಾರುಗಳೆಲ್ಲ ಬರೀ 20ಡಬ್ಲ್ಯೂ-40 ಮಿನರಲ್ ಆಯಿಲಿನಲ್ಲೇ ಲಕ್ಷಗಟ್ಟಲೆ ಕಿ.ಮೀ. ಓಡಿವೆ. ಅದೇನೂ ವಿಷವಲ್ಲ.

ಹಾಗಂತ ಚಳಿಯ ಅಂಕಿ ದಂಡವೂ ಅಲ್ಲ. 40 ಡಿಗ್ರಿಯಲ್ಲಿ 5ಡಬ್ಲ್ಯೂ-30 ಸಾಮಾನ್ಯವಾಗಿ 60ರಿಂದ 70 ಸೆಂಟಿಸ್ಟೋಕ್ ಇದ್ದರೆ, 20ಡಬ್ಲ್ಯೂ-50 ನೂರೈವತ್ತು ದಾಟಿರುತ್ತದೆ. ನಿಮ್ಮ ಕಾರು ಬೆಳಿಗ್ಗೆ ಎದ್ದಾಗಿನ ಉಷ್ಣಾಂಶದಲ್ಲಿ ಆ ಅಂತರ ಇನ್ನೂ ಹೆಚ್ಚು. ಎಂಜಿನ್ ಸವೆಯುವುದರಲ್ಲಿ ದೊಡ್ಡ ಪಾಲು ಆ ತಣ್ಣನೆಯ ಸ್ಟಾರ್ಟಿನ ಹೊತ್ತಿನಲ್ಲೇ, ಆಯಿಲ್ ಇನ್ನೂ ವಾಲ್ವ್ ತೆರೆಯುವ ಮೇಲಿನ ಕ್ಯಾಮ್ ತನಕ ತಲುಪಿರದ ಗಳಿಗೆಯಲ್ಲಿ. ದಪ್ಪ ಆಯಿಲ್ ತಲುಪುವುದು ತಡ. "ವಯಸ್ಸಾದ ಎಂಜಿನ್ನು, ದಪ್ಪಗಿರೋದೇ ಹಾಕ್ಬೇಕು ಕಣಣ್ಣ" ಅನ್ನುವ ಮಾತಿನಲ್ಲಿ ನನಗೆ ಇರುವ ಮೊದಲ ತಕರಾರು ಇದು.

ಎರಡನೇ ತಕರಾರು ಇನ್ನೂ ದೊಡ್ಡದು. ದಪ್ಪ ಆಯಿಲ್ ಶಬ್ದ ಮುಚ್ಚುತ್ತದೆ, ಹೊಗೆ ಮುಚ್ಚುತ್ತದೆ, ಆಯಿಲ್ ಲೈಟನ್ನೂ ಆರಿಸುತ್ತದೆ. ಕಾಯಿಲೆ ಹಾಗೇ ಇರುತ್ತದೆ. ಪಾಂಡವಪುರದ ಕಡೆಯಿಂದ ಹಿಂದೊಮ್ಮೆ ನನ್ನಲ್ಲಿಗೆ ಒಂದು ಮಾರುತಿ 800 ಟೋಯಿಂಗ್ ಮಾಡಿಸಿಕೊಂಡು ಬಂತು. ಅದರ ಯಜಮಾನರಿಗೆ ಆರು ತಿಂಗಳ ಹಿಂದೆ ಸಿಗ್ನಲ್ಲಿನಲ್ಲಿ ನಿಂತಾಗೆಲ್ಲ ಕೆಂಪು ಆಯಿಲ್ ಲೈಟ್ ಮಿಣಮಿಣ ಅನ್ನುತ್ತಿತ್ತಂತೆ. ಯಾರೋ 20ಡಬ್ಲ್ಯೂ-50 ಹಾಕಿಕೊಟ್ಟರು, ಲೈಟ್ ಆರಿತು, ಇವರಿಗೆ ಸಂತೋಷವಾಯಿತು. ಆರು ತಿಂಗಳಾದ ಮೇಲೆ ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಎಂಜಿನ್ನಿನ ಕೆಳಗಿನಿಂದ ಒನಕೆಯಲ್ಲಿ ಕುಟ್ಟಿದ ಹಾಗೆ ಶಬ್ದ. ಚೇಂಬರ್, ಅಂದರೆ ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿ, ಇಳಿಸಿ ನೋಡಿದರೆ ಆಯಿಲ್ ಎಳೆದುಕೊಳ್ಳುವ ಜಾಲರಿಯ ತುಂಬ ಕಾಫಿ ಫಿಲ್ಟರಿನ ಚರಟದಂತೆ ಕಪ್ಪು ಜಿಡ್ಡು. ಬೆರಳಲ್ಲಿ ಕೆರೆದರೆ ಹರಳುಹರಳಾಗಿ ಉದುರುತ್ತಿತ್ತು. ಅಷ್ಟು ಮುಚ್ಚಿಹೋದ ಜಾಲರಿಯಲ್ಲಿ ತೆಳು ಆಯಿಲೇ ಕಷ್ಟಪಟ್ಟು ನುಗ್ಗುತ್ತಿತ್ತು, ಇನ್ನು ದಪ್ಪದ್ದು ನುಗ್ಗೀತೇ? ಬೇರಿಂಗ್ ಹೋಗಿತ್ತು, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕಿನ ಮೇಲೆ ಉಗುರಿಗೆ ಸಿಗುವಷ್ಟು ಗೀರು ಬಿದ್ದಿತ್ತು. ಲೈಟ್ ಮಿಣುಕಿದ ದಿನವೇ ಚೇಂಬರ್ ಬಿಚ್ಚಿ ತೊಳೆಸಿದ್ದರೆ ಒಂದು ಪ್ಯಾಕಿಂಗಿನ ಖರ್ಚಿನಲ್ಲಿ ಮುಗಿಯುತ್ತಿತ್ತು. ನಿಮ್ಮ ಆಲ್ಟೊದಲ್ಲಿ ಲೈಟಿನ ತೊಂದರೆ ಇಲ್ಲ ಅಂದುಕೊಳ್ಳುತ್ತೇನೆ, ನೀವು ಬರೆದಿಲ್ಲ. ಇದ್ದರೆ ಆಯಿಲಿನ ಪ್ರಶ್ನೆ ಬದಿಗಿಟ್ಟು ಮೊದಲು ಪ್ರೆಷರ್ ಗೇಜ್ ಹಾಕಿಸಿ ನೋಡಿ.

20ಡಬ್ಲ್ಯೂ-50ಗೂ ಕಾಲ ಬರುತ್ತದೆ. ರಿಂಗ್ ಪೂರ್ತಿ ಸವೆದು, ಬೋರ್ ಮಾಡಿಸುವ (ಸಿಲಿಂಡರ್ ಕೊರೆಸಿ ಹೊಸ ಪಿಸ್ಟನ್ ಹಾಕಿಸುವ) ಮನಸ್ಸಿಲ್ಲ, ಇನ್ನೊಂದು ವರ್ಷ ಹೇಗೋ ತಳ್ಳಬೇಕು ಅನ್ನುವ ಗಾಡಿಗೆ ನಾನೇ ಹಾಕಿದ್ದೇನೆ. ಗಿರಾಕಿಗೆ ಹಾಗಂತ ಹೇಳಿಯೇ ಹಾಕಿದ್ದೇನೆ. ನಿಮ್ಮ ಕಾರು ಆ ಸ್ಥಿತಿಯಲ್ಲಿಲ್ಲ. ಸಾವಿರ ಕಿ.ಮೀ.ಗೆ ಕಾಲು ಲೀಟರ್ ಕುಡಿಯುವ ಹಳೇ ಎಂಜಿನ್ನನ್ನು ನಾನು ಬಿಚ್ಚುವುದೂ ಇಲ್ಲ. ಅದು ಅರ್ಧ ಲೀಟರ್ ದಾಟಿದ ದಿನ ಮಾತಾಡೋಣ.

ಇನ್ನು ಮಗ ಹೇಳಿದ 5ಡಬ್ಲ್ಯೂ-30. ಹೊಸ ಎಂಜಿನ್ನುಗಳಿಗೆ ಅದು, ಅದಕ್ಕಿಂತ ತೆಳುವಾದ 0ಡಬ್ಲ್ಯೂ-20 ಕೂಡ, ಸರಿಯೇ. ನಿಮ್ಮದು ಹೊಸ ತಲೆಮಾರಿನ ಕೆ10 ಎಂಜಿನ್ನಿನ ಆಲ್ಟೊ ಆಗಿದ್ದರೆ ನಾನೂ ತೆಳುವಿನ ಕಡೆಗೇ ಇರುತ್ತಿದ್ದೆ. ಆದರೆ ಸೀಲ್ ಸಡಿಲಾದ ಎಂಜಿನ್ನಿನಲ್ಲಿ ಕಾವೇರಿದಾಗ ತೆಳುವಾಗುವ ಆಯಿಲ್ ಸೀಲಿನ ಸಂದಿಯಲ್ಲಿ ಇನ್ನೂ ಸಲೀಸಾಗಿ ಇಳಿಯುತ್ತದೆ. ಮೇಲಾಗಿ ನೀವು ಹೋಗುವುದು ಎಕ್ಸ್‌ಪ್ರೆಸ್‌ವೇಯಲ್ಲಿ. 2023ರಲ್ಲಿ ಅದು ಉದ್ಘಾಟನೆಯಾದ ಮೇಲೆ ನನ್ನಲ್ಲಿಗೆ ಬರುವ ಸಣ್ಣ ಕಾರುಗಳ ಪಾಡೇ ಬದಲಾಗಿದೆ. ಮುಂಚೆ ಮದ್ದೂರು, ಮಂಡ್ಯ ಅಂತ ಊರೂರಿಗೆ ನಿಂತು ಉಸಿರು ಬಿಡುತ್ತಿದ್ದ 800 ಸಿಸಿ ಎಂಜಿನ್ನು ಈಗ ಒಂದೇ ಸಮನೆ ತೊಂಬತ್ತು ನೂರರಲ್ಲಿ ಓಡುತ್ತದೆ. ಹಾಗೆ ಓಡುವಾಗ ಆಯಿಲ್ ಹೆಚ್ಚು ಕಾಯುತ್ತದೆ, ಒಂದಿಷ್ಟು ಆವಿಯಾಗಿ ಹೋಗುತ್ತದೆ. ನೂರರಿಂದ ಎಂಬತ್ತಕ್ಕೆ ಇಳಿದು ನೋಡಿ, ನೀವು ಸೇರಿಸುವ ಅರ್ಧ ಲೀಟರಿನಲ್ಲೇ ವ್ಯತ್ಯಾಸ ಕಂಡರೆ ನನಗೆ ಆಶ್ಚರ್ಯವಿಲ್ಲ.

ಸಿಂಥೆಟಿಕ್ ಹಾಕಿದರೆ ಹಳೇ ಸೀಲೆಲ್ಲ ಸೋರುತ್ತದೆ ಅಂತಲೂ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಸಿಂಥೆಟಿಕ್ ಮೊದಲು ಬಂದ ಕಾಲದಲ್ಲಿ ಆ ಮಾತಿಗೆ ಆಧಾರವಿತ್ತು, ಈಗಿನವು ಸೀಲನ್ನು ಕುಗ್ಗಿಸುವುದಿಲ್ಲ. ಏನಾಗುತ್ತದೆ ಅಂದರೆ, ಚೆನ್ನಾಗಿ ತೊಳೆಯುವ ಆಯಿಲ್ ಸಂದಿಯಲ್ಲಿ ಬಿರಡೆಯಂತೆ ಕೂತಿದ್ದ ಹಳೇ ಜಿಡ್ಡನ್ನು ಕಿತ್ತುಹಾಕುತ್ತದೆ. ಆಗ ಇದ್ದ ಸೋರಿಕೆ ಕಣ್ಣಿಗೆ ಬೀಳುತ್ತದೆ.

ಹಾಗಾದರೆ ನಾನು ಏನು ಹಾಕುತ್ತೇನೆ? ಕಾವಿನ ಅಂಕಿ 40. ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಚಳಿಯ ಅಂಕಿ 10 ಅಥವಾ 15, ಸೆಮಿ ಸಿಂಥೆಟಿಕ್ (ಮಿನರಲ್ಲೂ ಸಿಂಥೆಟಿಕ್ಕೂ ಬೆರೆಸಿದ್ದು). ಅಂಗಡಿಯಲ್ಲಿ ಕಾರಿನ 10ಡಬ್ಲ್ಯೂ-40 ಸಿಕ್ಕರೆ ಅದು, ಇಲ್ಲವಾದರೆ 15ಡಬ್ಲ್ಯೂ-40. ದುಡ್ಡಿನ ಯೋಚನೆ ಇಲ್ಲದಿದ್ದರೆ 5ಡಬ್ಲ್ಯೂ-40 ಕೂಡ ಆಗುತ್ತದೆ, ಮಗನಿಗೂ ಅರ್ಧ ಸಮಾಧಾನ. ಇವ್ಯಾವುದೂ ಆಗದಿದ್ದರೆ ಹಳೇ 20ಡಬ್ಲ್ಯೂ-40 ಹಾಕಿ ನೆಮ್ಮದಿಯಾಗಿರಿ. ಕೊಳ್ಳುವ ಮುಂಚೆ ಡ್ಯಾಶ್‌ಬೋರ್ಡಿನ ಖಾನೆಯಿಂದ ಕೈಪಿಡಿ ತೆಗೆದು ನೋಡಿ. ಹಳೇ ಕಾರುಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ ಹವೆಯ ಉಷ್ಣಾಂಶಕ್ಕೆ ತಕ್ಕಂತೆ ಹಲವು ಗ್ರೇಡುಗಳ ಪಟ್ಟಿ ಕೊಟ್ಟಿರುತ್ತಾರೆ. ಆ ಪಟ್ಟಿಯ ಒಳಗೇ ಇರಿ.

ಡಬ್ಬದ ಹಿಂದೆ ದುಂಡನೆಯ ಗುರುತಿನಲ್ಲಿ ಎಪಿಐ (ಆಯಿಲಿನ ಗುಣಮಟ್ಟ ಗೊತ್ತುಮಾಡುವ ಅಮೆರಿಕದ ಸಂಸ್ಥೆ) ಅಂತ ಇರುತ್ತದೆ, ಪಕ್ಕದಲ್ಲಿ ಎರಡಕ್ಷರ. ಪೆಟ್ರೋಲಿಗೆ ಎಸ್ ಇಂದ ಶುರು. ಎಸ್‌ಎಲ್ ಬಂದದ್ದು 2001ರಲ್ಲಿ, ಎಸ್‌ಎಂ 2004ರಲ್ಲಿ, ಎಸ್‌ಎನ್ 2010ರಲ್ಲಿ, ಎಸ್‌ಪಿ 2020ರಲ್ಲಿ. ಎರಡನೇ ಅಕ್ಷರ ಮುಂದೆ ಹೋದಷ್ಟೂ ಹೊಸದು, ಹೊಸದು ಹಳೇ ಕಾರಿಗೂ ಆಗುತ್ತದೆ. ನಿಮಗೆ ಎಸ್‌ಎನ್ ಅಥವಾ ಎಸ್‌ಪಿ ಇರಲಿ. ಹೊಸ ಆಯಿಲುಗಳಲ್ಲಿ ಸವೆತ ತಡೆಯುವ ರಂಜಕ (ಫಾಸ್ಫರಸ್) ಕಡಿಮೆ ಮಾಡಿದ್ದಾರೆ, ಹಳೇ ಕ್ಯಾಮ್ ಸವೆಯುತ್ತದೆ ಅನ್ನುವ ಹೆದರಿಕೆ ನಿಮಗೆ ಬೇಡ. 0.08 ಶೇಕಡದ ಆ ಮಿತಿ ಇರುವುದು 30 ಮತ್ತು ಅದಕ್ಕಿಂತ ತೆಳು ಗ್ರೇಡುಗಳಿಗೆ, 40ಕ್ಕಲ್ಲ. ಬ್ರ್ಯಾಂಡ್ ಯಾವುದು ಅಂತ ಕೇಳಬೇಡಿ. ಸರ್ವೋ ಇರಲಿ, ಮ್ಯಾಕ್ ಇರಲಿ, ಕ್ಯಾಸ್ಟ್ರಾಲ್ ಇರಲಿ, ಗ್ರೇಡೂ ಎಪಿಐ ಅಕ್ಷರವೂ ಸರಿಯಿದ್ದರೆ ನಾನು ಬ್ರ್ಯಾಂಡಿನ ಬಗ್ಗೆ ಜಗಳ ಆಡುವುದಿಲ್ಲ. ಬೈಕಿನ ಡಬ್ಬ ಮಾತ್ರ ತರಬೇಡಿ. 4ಟಿ, ಜಾಸೊ ಎಂಎ ಅಂತ ಬರೆದಿರುವುದು ಆಯಿಲಿನಲ್ಲೇ ಮುಳುಗಿರುವ ಬೈಕಿನ ಕ್ಲಚ್ಚಿಗಾಗಿ ಮಾಡಿದ್ದು. ಅಂಗಡಿಯವನು ಅದೇ 20ಡಬ್ಲ್ಯೂ-40 ತಾನೇ ಅಂತ ಕೊಟ್ಟುಬಿಡುತ್ತಾನೆ.

ಎಷ್ಟು ದಿನಕ್ಕೆ ಬದಲಿಸಬೇಕು ಅಂತ ನೀವು ಕೇಳಿಲ್ಲ, ನನಗೆ ಗ್ರೇಡಿಗಿಂತ ಅದೇ ಮುಖ್ಯ. ದಿನಕ್ಕೆ ತೊಂಬತ್ತು, ತಿಂಗಳಿಗೆ ಇಪ್ಪತ್ತೈದು ದಿನ ಅಂದರೆ 2,250 ಕಿ.ಮೀ. ವರ್ಷಕ್ಕೆ 27,000. ಮಿನರಲ್ ಆಯಿಲನ್ನು ಐದು ಸಾವಿರಕ್ಕೆ ಬದಲಿಸಿದರೆ ವರ್ಷಕ್ಕೆ ಐದಾರು ಸಲ ಗ್ಯಾರೇಜಿಗೆ ಬರಬೇಕು. ಸೆಮಿ ಸಿಂಥೆಟಿಕ್ಕನ್ನು ಮೂರು ತಿಂಗಳಿಗೊಮ್ಮೆ, ಅಂದರೆ ಏಳು ಸಾವಿರದ ಒಳಗೆ ಬದಲಿಸಿದರೆ ನಾಲ್ಕು ಸಲ. ಲೀಟರಿಗೆ ಹೆಚ್ಚು ಕೊಟ್ಟಿದ್ದರಲ್ಲಿ ಒಂದು ಪಾಲು ಅಲ್ಲೇ ವಾಪಸ್. ಫುಲ್ ಸಿಂಥೆಟಿಕ್ ಹಾಕಿದ್ದೇನೆ, ಹತ್ತು ಸಾವಿರದವರೆಗೆ ಬಾನೆಟ್ ಎತ್ತುವುದಿಲ್ಲ ಅನ್ನುವವರು ಆಯಿಲ್ ಕುಡಿಯುವ ಕಾರಿಗೆ ಯಮ. ಎಲ್ಲ ಸೇರಿ ಮೂರು ಮೂರೂವರೆ ಲೀಟರ್ ಹಿಡಿಯುವ ಎಂಜಿನ್ನಿನಲ್ಲಿ ಎರಡೂವರೆ ಲೀಟರ್ ಕುಡಿದುಹೋದ ಮೇಲೆ ಉಳಿದದ್ದು ಎಷ್ಟು ದುಬಾರಿಯದಾದರೇನು?

ನಿಮ್ಮ ಓಟ ಎಂಜಿನ್ನಿಗೆ ಒಂದು ರೀತಿಯಲ್ಲಿ ವರ. ನಲವತ್ತೈದು ಕಿ.ಮೀ. ಒಂದೇ ಓಟದಲ್ಲಿ ಆಯಿಲ್ ಪೂರ್ತಿ ಕಾದು, ಒಳಗೆ ಸೇರಿದ ನೀರಿನಂಶ, ಪೆಟ್ರೋಲಿನಂಶ ಆರಿಹೋಗುತ್ತದೆ. ಕುವೆಂಪುನಗರದಿಂದ ದೇವರಾಜ ಮಾರುಕಟ್ಟೆಗೆ ತರಕಾರಿ ತರಲಷ್ಟೇ ಕಾರು ತೆಗೆಯುವವರಿಗೆ ಆ ಭಾಗ್ಯವಿಲ್ಲ. ಈಗ ಪೆಟ್ರೋಲಿನಲ್ಲಿ 20 ಶೇಕಡ ಎಥೆನಾಲ್ ಬೇರೆ. ನಮ್ಮ ಕಬ್ಬೂ ಸುತ್ತಿ ಬಳಸಿ ಟ್ಯಾಂಕಿಗೇ ಬಂತು ನೋಡಿ. ಅರೆಬಿಸಿ ಓಡಾಟದಲ್ಲಿ ಅದೂ ನೀರೂ ಆಯಿಲಿನಲ್ಲೇ ಉಳಿಯುತ್ತವೆ. ಆಯಿಲ್ ಹುಯ್ಯುವ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ಕೆನೆ ಕಂಡರೆ ಹೆಚ್ಚಾಗಿ ಅದರದೇ ಕೆಲಸ. ಜೊತೆಗೆ ಕೂಲೆಂಟೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಯಡಿಯ ಪ್ಯಾಕಿಂಗ್) ನೋಡಿಸಬೇಕು.

ಫಿಲ್ಟರನ್ನು ಪ್ರತಿ ಸಲವೂ ಬದಲಿಸಿ, ಒಳ್ಳೆಯದೇ ಹಾಕಿಸಿ. ಅದರೊಳಗೆ ಎಂಜಿನ್ ನಿಂತಾಗ ಆಯಿಲ್ ಹಿಂದಕ್ಕೆ ಸೋರದಂತೆ ತಡೆಯುವ ರಬ್ಬರಿನ ಪೊರೆ ಇರುತ್ತದೆ. ಅಗ್ಗದ ಫಿಲ್ಟರಿನಲ್ಲಿ ಅದು ಬೇಗ ಗಟ್ಟಿಯಾಗಿ, ಬೆಳಿಗ್ಗೆ ಸ್ಟಾರ್ಟ್ ಆದ ಕೂಡಲೇ ಮೇಲಿನಿಂದ ಗಲಗಲ ಶಬ್ದ ಬರುತ್ತದೆ. ಜನ ಅದಕ್ಕೂ ದಪ್ಪ ಆಯಿಲ್ ಹಾಕಿಸುತ್ತಾರೆ.

ಆಯಿಲ್ ಅಳೆಯುವ ಕಡ್ಡಿ ನೋಡುವುದನ್ನು ಮಾತ್ರ ಬೇರೆಯವರಿಗೆ ಬಿಡಬೇಡಿ. ಭಾನುವಾರ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮುಂಚೆ, ಸಮತಟ್ಟಾದ ಜಾಗದಲ್ಲಿ ಕಡ್ಡಿ ಎಳೆಯಿರಿ. ನಾರು ಬಿಡದ ಹಳೇ ಪಂಚೆಯ ತುಂಡಿನಿಂದ ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆಯಿರಿ. ಮೊದಲ ಸಲ ಎಳೆದದ್ದನ್ನು ನಂಬಬೇಡಿ, ಕೊಳವೆಗೆ ಅಂಟಿದ ಆಯಿಲ್ ಸುಳ್ಳು ಹೇಳುತ್ತದೆ. ಕಡ್ಡಿಯನ್ನು ಅಡ್ಡ ಹಿಡಿದು ಎರಡೂ ಮಗ್ಗುಲು ನೋಡಿ, ಒಂದು ಕಡೆ ಮೇಲೆ ಒಂದು ಕಡೆ ಕೆಳಗೆ ಕಂಡರೆ ಕೆಳಗಿನದೇ ಲೆಕ್ಕ. ಬಹುಪಾಲು ಸಣ್ಣ ಕಾರುಗಳಲ್ಲಿ ಎರಡು ಗುರುತಿನ ನಡುವೆ ಒಂದು ಲೀಟರಿನ ಆಸುಪಾಸು ಇರುತ್ತದೆ, ಅರ್ಧಕ್ಕೆ ಇಳಿದಾಗ ಸೇರಿಸಿದರೆ ಸಾಕು. ಮೇಲಿನ ಗುರುತು ದಾಟಿಸಬೇಡಿ. ಹೆಚ್ಚಾದರೆ ಕ್ರ್ಯಾಂಕ್ ಅದನ್ನು ಮೊಸರಿನಂತೆ ಕಡೆದು ನೊರೆ ಮಾಡುತ್ತದೆ, ನೊರೆ ಯಾವ ಬೇರಿಂಗನ್ನೂ ಕಾಯುವುದಿಲ್ಲ. ಎಷ್ಟು ಕಿ.ಮೀ.ಗೆ ಎಷ್ಟು ಸೇರಿಸಿದಿರಿ ಅಂತ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆಯಿರಿ. ಕಪ್ಪಾಗಿದೆ ಅಂತ ಗಾಬರಿ ಬೇಡ, ಕೊಳೆ ಎತ್ತಿಕೊಂಡ ಆಯಿಲ್ ಕಪ್ಪಾಗಲೇಬೇಕು. ದಾರಿಯಲ್ಲಿ ಕಮ್ಮಿಯಾಗಿ ಬೇರೆ ಬ್ರ್ಯಾಂಡಿನದು ಸಿಕ್ಕರೆ ಧೈರ್ಯವಾಗಿ ಸೇರಿಸಿ, ಅವು ಒಂದಕ್ಕೊಂದು ಬೆರೆಯುತ್ತವೆ. ಖಾಲಿ ಎಂಜಿನ್ನಿಗಿಂತ ಯಾವ ಮಿಶ್ರಣವೂ ವಾಸಿ.

ಸೀಲ್ ಇರುವ ಡಬ್ಬವನ್ನು ನಿಮ್ಮ ಕಣ್ಣೆದುರೇ ಒಡೆಸಿ, ಖಾಲಿ ಡಬ್ಬಕ್ಕೆ ಸ್ಕ್ರೂಡ್ರೈವರಿನಿಂದ ಒಂದು ತೂತು ಹೊಡೆದು ಬನ್ನಿ. ಖಾಲಿ ಡಬ್ಬಕ್ಕೂ ಗಿರಾಕಿಗಳಿದ್ದಾರೆ, ಅದರಲ್ಲಿ ಮತ್ತೆ ಏನು ತುಂಬುತ್ತದೆ ಅನ್ನುವುದು ನಿಮಗೂ ಗೊತ್ತು. ಇಳಿಸಿದ ಹಳೇ ಆಯಿಲನ್ನು ಬೇಲಿ ಗೂಟಕ್ಕೆ ಗೆದ್ದಲು ಹಿಡಿಯದಂತೆ ಬಳಿಯುತ್ತೇನೆ ಅಂತ ಮನೆಗೆ ಒಯ್ಯುವವರಿದ್ದಾರೆ. ಅದು ಕೊನೆಗೆ ನಾಲೆ ಸೇರುತ್ತದೆ, ಗ್ಯಾರೇಜಿನಲ್ಲೇ ಬಿಡಿ.

ಈಗ ಮಾಡಬೇಕಾದ್ದು: ಪಿಸಿವಿ ವಾಲ್ವ್, ಟ್ಯಾಪೆಟ್ ಕವರ್ ಪ್ಯಾಕಿಂಗ್, ಫಿಲ್ಟರ್ ಮತ್ತು 40ರ ಆಯಿಲ್. ಮೂರು ತಿಂಗಳ ಕ್ಯಾಲೆಂಡರ್ ನೋಡಿ, ಬೆಳಗಿನ ಹೊಗೆ ಹಾಗೇ ಇದ್ದರೆ ವಾಲ್ವ್ ಸೀಲ್ ಹಾಕಿಸಿ. ಕೆಲವು ಮೇಸ್ತ್ರಿಗಳು ಹೆಡ್ ಇಳಿಸದೆ, ಸಿಲಿಂಡರಿಗೆ ಗಾಳಿಯ ಒತ್ತಡ ಕೊಟ್ಟು ವಾಲ್ವನ್ನು ಮೇಲೇ ನಿಲ್ಲಿಸಿಕೊಂಡು ಸೀಲ್ ಬದಲಿಸುತ್ತಾರೆ. ಅಂಥವರು ಸಿಕ್ಕರೆ ಖರ್ಚು ಅರ್ಧ. ಕಾರು ಹೇಗೂ ಲಿಫ್ಟಿನ ಮೇಲೆ ಏರುತ್ತದಲ್ಲ, ಕ್ರ್ಯಾಂಕಿನಿಂದ ಕ್ಯಾಮ್ ತಿರುಗಿಸುವ ಟೈಮಿಂಗ್ ಬೆಲ್ಟಿನ ಕವರಿನ ಕೆಳ ಅಂಚನ್ನು ಬೆರಳಲ್ಲಿ ಸವರಿ ನೋಡಲು ಹೇಳಿ. ಅಲ್ಲಿ ಜಿಡ್ಡು ಹಸಿಯಾಗಿದ್ದರೆ ಕ್ರ್ಯಾಂಕ್ ಸೀಲ್ ಸೋರಿ ಆಯಿಲ್ ಬೆಲ್ಟಿನ ಮೇಲೆ ಬೀಳುತ್ತಿದೆ. ಆಗ ಆಯಿಲ್ ಬದಲಿಸುವ ಕೆಲಸ ಒಂದು ವಾರ ತಡವಾದರೂ ಚಿಂತೆಯಿಲ್ಲ, ಸೀಲೂ ಬೆಲ್ಟೂ ಮೊದಲು.